94ವಿ-0 ಮುದ್ರೆಯ ಸತ್ಯಾಸತ್ಯತೆ: ಪಿಸಿಬಿ ಪರಿಶೀಲನೆಯ ಮೂರು ದಾರಿಗಳು

ಅಡಿಕೆ ತೋಟಗಳ ಪಂಪ್‌ಗಳಿಗೆ ನಿಯಂತ್ರಕ ತಯಾರಿಸುವ ಬೈಕಂಪಾಡಿಯ ನಮ್ಮ ಸಣ್ಣ ಘಟಕಕ್ಕೆ ಎರಡು ಬಗೆಯ ಪಿಸಿಬಿ (ಎಲೆಕ್ಟ್ರಾನಿಕ್ ಬಿಡಿಭಾಗಗಳನ್ನು ಕೂರಿಸುವ ಮುದ್ರಿತ ಸರ್ಕ್ಯೂಟ್ ಬೋರ್ಡು) ಬರುತ್ತದೆ: ಒಂದು ಹಸಿರು ಗ್ಲಾಸ್ ಎಪಾಕ್ಸಿ, ಅಂದರೆ ಎಫ್‌ಆರ್-4, ಇನ್ನೊಂದು ಅಗ್ಗದ, ಕಂದು ಬಣ್ಣದ ಪೇಪರ್ ಫೀನಾಲಿಕ್. ಎರಡರ ಮೇಲೂ 94ವಿ-0 ಎಂದು ಮುದ್ರಿಸಲಾಗಿದೆ; ಬೆಂಕಿ ತಗುಲಿದರೂ ಬೇಗ ತಾನಾಗಿ ಆರುವ ವಸ್ತು ಎಂದು ಹೇಳುವ ದರ್ಜೆ ಇದು, ಸುರಕ್ಷತಾ ಪ್ರಮಾಣೀಕರಣ ಸಂಸ್ಥೆಯಾದ ಯುಎಲ್‌ನ ಮಾನಕದ್ದು. ಅದನ್ನು ಪರಿಶೀಲಿಸಲು ಗುರುತು ಓದುವುದು, ಯುಎಲ್ ದಾಖಲೆಯಲ್ಲಿ ಹುಡುಕುವುದು, ಸುಟ್ಟು ನೋಡುವುದು ಎಂಬ ಮೂರು ದಾರಿಗಳನ್ನು ಬಳಸಿ ನೋಡಿದೆ.

ಗುರುತು ಓದಲು ಭೂತಗನ್ನಡಿಯಷ್ಟೇ ಸಾಕು. ಆದರೆ 94ವಿ-0 ಎಂಬ ಅಕ್ಷರಗಳನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದಾದ್ದರಿಂದ, ಅವುಗಳ ಜೊತೆಗೆ ಬೋರ್ಡು ತಯಾರಕರ ಲಾಂಛನವೂ ಟೈಪ್ ಸಂಖ್ಯೆಯೂ ಇವೆಯೇ ಎಂಬುದೇ ಮುಖ್ಯ. ಹಸಿರು ಬೋರ್ಡಿನ ಮೂಲೆಯಲ್ಲಿ ಇವೆರಡೂ ಇದ್ದವು. ಕಂದು ಬೋರ್ಡಿನಲ್ಲಿ 94ವಿ-0 ಬಿಟ್ಟರೆ ಬೇರೇನೂ ಇರಲಿಲ್ಲ.

ಎರಡನೆಯ ದಾರಿಯೇ ನನ್ನ ಮಟ್ಟಿಗೆ ಹೆಚ್ಚು ಫಲ ಕೊಟ್ಟದ್ದು. ಯುಎಲ್‌ನ ಪ್ರಾಡಕ್ಟ್ ಐಕ್ಯೂ ತಾಣದಲ್ಲಿ ಉಚಿತವಾಗಿ ನೋಂದಾಯಿಸಿ, 'ಇ' ಅಕ್ಷರದಿಂದ ಆರಂಭವಾಗುವ ಫೈಲ್ ಸಂಖ್ಯೆಯನ್ನೋ ಕಂಪನಿಯ ಹೆಸರನ್ನೋ ಕೊಟ್ಟರೆ, ಮಾನ್ಯತೆ ಪಡೆದ ಟೈಪ್‌ಗಳು, ಕನಿಷ್ಠ ದಪ್ಪ ಮತ್ತು ದಹನ ದರ್ಜೆ ಕಾಣಸಿಗುತ್ತವೆ. ಇಲ್ಲಿ ವರ್ಗದ ಸಂಕೇತವನ್ನು ತಪ್ಪದೆ ನೋಡಬೇಕು: ಸಿದ್ಧ ಬೋರ್ಡಿನದು ಝಡ್‌ಪಿಎಂವಿ2, ಬೋರ್ಡು ತಯಾರಿಸಲು ಬಳಸುವ ಲ್ಯಾಮಿನೇಟ್ ಹಾಳೆಯದು ಕ್ಯೂಎಂಟಿಎಸ್2. ಕಂದು ಬೋರ್ಡಿನ ಪೂರೈಕೆದಾರರು ನಮಗೆ ಕಳಿಸಿದ ಪತ್ರ ಎರಡನೆಯ ವರ್ಗದ್ದಾಗಿತ್ತು. ಹಾಳೆಗೆ ಮಾನ್ಯತೆ ಇದ್ದ ಮಾತ್ರಕ್ಕೆ, ಅದರ ಮೇಲೆ ಸೋಲ್ಡರ್ ಮಾಸ್ಕ್ ಎಂಬ ರಕ್ಷಣಾ ಲೇಪನ ಬಳಿದು ಬೇರೊಬ್ಬರು ತಯಾರಿಸಿದ ಬೋರ್ಡಿಗೂ ಅದು ಸಲ್ಲುವುದಿಲ್ಲ, ಏಕೆಂದರೆ ಆ ಲೇಪನವೂ ಉರಿಯುವ ವಸ್ತುವೇ. ದಪ್ಪದ ವಿಷಯವೂ ಹಾಗೆಯೇ, 1.6 ಮಿ.ಮೀ.ಗೆ ಸಿಕ್ಕ ದರ್ಜೆಯನ್ನು 0.8 ಮಿ.ಮೀ. ಬೋರ್ಡಿಗೆ ಹಚ್ಚುವಂತಿಲ್ಲ.

ಸುಡುವ ಪರೀಕ್ಷೆಯ ನಿಯಮ ಸ್ಪಷ್ಟವಾಗಿದೆ. 125 ಮಿ.ಮೀ. ಉದ್ದ, 13 ಮಿ.ಮೀ. ಅಗಲದ ಪಟ್ಟಿಯನ್ನು ನೆಟ್ಟಗೆ ತೂಗುಹಾಕಿ, ಅದರ ಕೆಳತುದಿಗೆ 20 ಮಿ.ಮೀ. ಎತ್ತರದ ಜ್ವಾಲೆಯನ್ನು ಹತ್ತು ಸೆಕೆಂಡಿನಂತೆ ಎರಡು ಬಾರಿ ಹಿಡಿಯಬೇಕು. ವಿ-0 ಎನ್ನಿಸಿಕೊಳ್ಳಲು ಪ್ರತಿ ಬಾರಿಯೂ ಬೆಂಕಿ ಹತ್ತು ಸೆಕೆಂಡಿನೊಳಗೆ ತಾನಾಗಿ ಆರಬೇಕು, ಐದು ಪಟ್ಟಿಗಳ ಒಟ್ಟು ಉರಿ 50 ಸೆಕೆಂಡು ಮೀರಬಾರದು, ಕೆಳಗಿಟ್ಟ ಹತ್ತಿಗೆ ಕಿಡಿ ತಗಲಬಾರದು. ನಮ್ಮಲ್ಲಿ ಗ್ಯಾಸ್ ಟಾರ್ಚ್ ಬಳಸಿದಾಗ ಹಸಿರು ಪಟ್ಟಿ ಬೇಗ ಆರಿತು. ತುದಿಯಲ್ಲಿ ರಾಳ ಸುಟ್ಟುಹೋಗಿ ಗಾಜಿನ ನೇಯ್ಗೆ ಪದರ ಪದರವಾಗಿ ಬಿಚ್ಚಿಕೊಂಡಿತ್ತು. ಕಂದು ಪಟ್ಟಿ ಹಿಡಿಕೆಯವರೆಗೂ ಉರಿಯಿತು. ಹಾಗೆಂದು ಹಸಿರು ಬೋರ್ಡು ವಿ-0 ಎಂದು ನಾನು ಘೋಷಿಸಲಾರೆ: ಪಟ್ಟಿಗಳನ್ನು ಮೊದಲು 23 ಡಿಗ್ರಿ, ಶೇ. 50 ಆರ್ದ್ರತೆಯಲ್ಲಿ 48 ಗಂಟೆ ಇಡಬೇಕೆಂಬ ನಿಯಮವನ್ನು ಆಟಿಯ ಮಳೆಯಲ್ಲಿ ನಮ್ಮ ಶೆಡ್ಡು ಪಾಲಿಸಲಾರದು, ಗಾಳಿಯಾಡದ ಪೆಟ್ಟಿಗೆಯೂ ನಮ್ಮಲ್ಲಿಲ್ಲ. ಸಾಮಾನ್ಯ ಎಫ್‌ಆರ್-4ನಲ್ಲಿ ಬ್ರೋಮಿನ್ ಇರುವುದರಿಂದ ಹೊಗೆಯೂ ಅಪಾಯಕಾರಿ. ಮನೆಯ ಅಡುಗೆ ಒಲೆಯಲ್ಲಿ ಇದನ್ನು ಮಾಡುವವರಿದ್ದಾರೆ, ದಯವಿಟ್ಟು ಬೇಡ.

ಆದ್ದರಿಂದ ಮಾಲನ್ನು ತಿರಸ್ಕರಿಸಲು ಮಾತ್ರ ಸುಟ್ಟು ನೋಡುತ್ತೇನೆ, ಒಪ್ಪಿಕೊಳ್ಳಲು ದಾಖಲೆಯನ್ನು ನೆಚ್ಚುತ್ತೇನೆ. ಗ್ರಾಹಕರು ವರದಿಯನ್ನೇ ಕೇಳಿದರೆ ಮಾನ್ಯತೆಯುಳ್ಳ ಪ್ರಯೋಗಾಲಯವಲ್ಲದೆ ಬೇರೆ ದಾರಿಯಿಲ್ಲ. ಈಗ ನಮ್ಮ ಖರೀದಿ ಆದೇಶದಲ್ಲಿ ಬೋರ್ಡು ತಯಾರಕರ ಫೈಲ್ ಸಂಖ್ಯೆ, ಟೈಪ್ ಸಂಖ್ಯೆ, ದಪ್ಪ ಈ ಮೂರನ್ನೂ ಬರೆಯಿಸುತ್ತೇವೆ. ಕಂದು ಬೋರ್ಡನ್ನು 230 ವೋಲ್ಟ್ ಹಾಯುವ ಭಾಗಗಳಲ್ಲಿ ಬಳಸುವುದನ್ನು ನಿಲ್ಲಿಸಿದ್ದೇವೆ.