ಕಕ್ಕಡದ ಮಳೆ, ಇಚಿರೋ ಸಹಿಯ ಬಾಲ್ ಮತ್ತು 30 ಲೀಟರಿನ ಒಂದು ಡ್ರೈ ಕ್ಯಾಬಿನೆಟ್

ಎರಡು ಮಳೆಗಾಲ ಪೂರ್ತಿ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ತಗೊಂಡ ವಾರದಲ್ಲೇ ಐದು ಸ್ಟಾರ್ ಕೊಡಬಹುದಿತ್ತು. ಆದರೆ ಡ್ರೈ ಕ್ಯಾಬಿನೆಟ್ ಚೆನ್ನಾಗಿದೆಯೋ ಇಲ್ಲವೋ ಅಂತ ಗೊತ್ತಾಗಬೇಕಾದರೆ ಅದು ಮಡಿಕೇರಿ ಕಡೆಯ ಜೂನ್, ಜುಲೈ, ಆಗಸ್ಟ್ ದಾಟಬೇಕು, ನಡುವೆ ಬರುವ ಕಕ್ಕಡ ಅನ್ನುವ ಜೋರು ಮಳೆಯ ಕೊಡವ ತಿಂಗಳನ್ನೂ. ಎರಡು ಸಲ ದಾಟಿದೆ.

ಕ್ಯಾಮೆರಾ ಇಟ್ಟುಕೊಂಡವರಿಗೆ ಈ ಪೆಟ್ಟಿಗೆ ಗೊತ್ತಿರುತ್ತದೆ. ಗಾಜಿನ ಬಾಗಿಲು, ಸುತ್ತ ರಬ್ಬರ್ ಸೀಲ್, ಒಳಗೆ ತೇವ ಎಳೆಯುವ ಒಂದು ಸಣ್ಣ ಯಂತ್ರ, ಮುಂದುಗಡೆ ತೇವ ಎಷ್ಟು ಪರ್ಸೆಂಟ್ ಅಂತ ತೋರಿಸುವ ನಂಬರ್. ನನ್ನದು 30 ಲೀಟರಿನದು. ಆನ್‌ಲೈನ್‌ನಲ್ಲಿ 13,000 ಚಿಲ್ಲರೆ ಆಯಿತು. ನನ್ನ ಹತ್ತಿರ ಲೆನ್ಸ್ ಒಂದೂ ಇಲ್ಲ. ಒಳಗಿರುವುದು ಜಪಾನಿನ ಬೇಸ್‌ಬಾಲ್ ಆಟಗಾರ ಇಚಿರೋ ಸುಜುಕಿ ಸಹಿ ಹಾಕಿದ ಒಂದು ಬೇಸ್‌ಬಾಲ್, ಅವರು ಆಡಿದ ಮ್ಯಾಚಿನಲ್ಲಿ ಬಳಕೆಯಾದ ಇನ್ನೊಂದು ಬಾಲ್, ಕೆಲವು ಹಳೇ ಟಿಕೆಟ್‌ಗಳು.

ಕೊಡಗಿನವನಿಗೆ ಬೇಸ್‌ಬಾಲ್ ಎಲ್ಲಿಂದ ಬಂತು ಅಂತ ಮನೆಗೆ ಬಂದವರೆಲ್ಲ ಕೇಳುತ್ತಾರೆ. ಕೆಲಸದ ಮೇಲೆ ನಾಲ್ಕು ವರ್ಷ ಸಿಯಾಟಲ್‌ನಲ್ಲಿದ್ದೆ. ಹಾಕಿ ನೋಡಿ ಬೆಳೆದ ನನಗೆ ಮೊದಮೊದಲು ಆ ಆಟ ಬಹಳ ನಿಧಾನ ಅನ್ನಿಸಿತು. ಆಮೇಲೆ ಅಲ್ಲಿನ ಮ್ಯಾರಿನರ್ಸ್ ತಂಡದಲ್ಲಿ 51ನೇ ನಂಬರಿನ ಇಚಿರೋ ಅನ್ನುವ ಈ ಮನುಷ್ಯನನ್ನು ನೋಡಿದೆ. ಎಡಗೈ ಬ್ಯಾಟಿಂಗ್. ಬಾಲಿಗೆ ಬ್ಯಾಟ್ ತಾಗುವ ಹೊತ್ತಿಗೆ ಕಾಲು ಆಗಲೇ ಫಸ್ಟ್ ಬೇಸ್ ಕಡೆ, ಅಂದರೆ ಓಡಿ ಮುಟ್ಟಬೇಕಾದ ಮೊದಲ ನೆಲೆಯ ಕಡೆ, ಹೊರಟಿರುತ್ತಿತ್ತು. ನಮ್ಮ ಒಳ್ಳೆ ಫಾರ್ವರ್ಡ್ ಆಟಗಾರ ಬಾಲ್ ಬರುವ ಮೊದಲೇ ಜಾಗಕ್ಕೆ ಓಡುತ್ತಾನಲ್ಲ, ಹಾಗೆ. 2004ರ ಅಕ್ಟೋಬರ್ 1ರಂದು ನಾನು ಮೈದಾನದಲ್ಲೇ ಇದ್ದೆ. ಬಾಲ್ ಹೊಡೆದು ಔಟಾಗದೆ ಬೇಸ್ ತಲುಪಿದರೆ ಅದು ಒಂದು ಹಿಟ್. ಒಂದು ಸೀಸನ್‌ನಲ್ಲಿ 257 ಹಿಟ್ ಅನ್ನುವುದು ಜಾರ್ಜ್ ಸಿಸ್ಲರ್ 1920ರಲ್ಲಿ ಮಾಡಿದ ದಾಖಲೆ. ಅದನ್ನು 84 ವರ್ಷ ಯಾರೂ ಮುಟ್ಟಿರಲಿಲ್ಲ. ಇಚಿರೋ ಮೊದಲ ಇನಿಂಗ್ಸ್‌ನಲ್ಲಿ ಸರಿಗಟ್ಟಿ ಮೂರನೇ ಇನಿಂಗ್ಸ್‌ನಲ್ಲಿ ಮುರಿದರು. ತಂಡದವರೆಲ್ಲ ಬಂದು ಅಪ್ಪಿಕೊಂಡ ಮೇಲೆ ಅವರು ನೇರ ಸ್ಟ್ಯಾಂಡ್ ಹತ್ತಿರ ಹೋಗಿ, ಅಲ್ಲಿ ಕೂತಿದ್ದ ಸಿಸ್ಲರ್ ಮನೆಯವರ ಕೈ ಕುಲುಕಿ ಬಂದರು. ಅವತ್ತಿನಿಂದ ನಾನು ಅವರ ಅಭಿಮಾನಿ. ಆ ವರ್ಷ ಅವರ ಲೆಕ್ಕ 262ಕ್ಕೆ ನಿಂತಿತು. ಇವತ್ತಿಗೂ ಅದೇ ದಾಖಲೆ.

ಸಂಗ್ರಹ ಶುರು ಮಾಡುವವರಿಗೆ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಸಹಿ ಎಷ್ಟು ಚಂದ ಇದೆ ಅಂತ ನೋಡಬೇಡಿ, ಸಹಿ ಹಾಕುವಾಗ ಯಾರು ಪಕ್ಕದಲ್ಲಿದ್ದರು ಅಂತ ಕೇಳಿ. ನಾನು ಮೊದಲು ಕೊಂಡ ಬಾಲಿಗೆ ಮಾರಿದವನೇ ಪ್ರಿಂಟ್ ಮಾಡಿದ ಒಂದು ಸರ್ಟಿಫಿಕೇಟ್ ಬಿಟ್ಟರೆ ಏನೂ ಇರಲಿಲ್ಲ. ಪರೀಕ್ಷೆಗೆ ಕಳಿಸಿದಾಗ ನಕಲಿ ಅಂತ ಬಂತು. ಬಹಳ ನೋವಾಯಿತು. ಅಮೆರಿಕದಲ್ಲಿ ಈ ಮೋಸ ಎಷ್ಟು ಬೆಳೆದಿತ್ತೆಂದರೆ 1990ರ ದಶಕದಲ್ಲಿ ಎಫ್‌ಬಿಐ ಇದಕ್ಕಾಗಿಯೇ ದೊಡ್ಡ ತನಿಖೆ ಮಾಡಬೇಕಾಯಿತು. ಆಮೇಲೆ 2001ರಲ್ಲಿ ಮೇಜರ್ ಲೀಗ್, ಅಂದರೆ ಅಲ್ಲಿನ ದೊಡ್ಡ ಬೇಸ್‌ಬಾಲ್ ಲೀಗ್, ತನ್ನದೇ ವ್ಯವಸ್ಥೆ ಶುರು ಮಾಡಿತು. ಪೊಲೀಸ್ ಕೆಲಸದಲ್ಲಿರುವ ಅಥವಾ ಇದ್ದ ಒಬ್ಬರು ಮ್ಯಾಚಿನುದ್ದಕ್ಕೂ ಆಟಗಾರರು ಕೂರುವ ಡಗೌಟ್ ಹತ್ತಿರ ಇರುತ್ತಾರೆ. ಆಟದಿಂದ ಹೊರಬಂದ ಬಾಲ್ ಅವರ ಕಣ್ಣೆದುರೇ ಕೈಗೆ ಬರಬೇಕು. ಆಗ ಮಾತ್ರ ಅದಕ್ಕೆ ನಂಬರ್ ಇರುವ ಹೊಲೋಗ್ರಾಮ್ ಸ್ಟಿಕ್ಕರ್ ಬೀಳುತ್ತದೆ. ಪ್ರೇಕ್ಷಕರ ನಡುವೆ ಬಿದ್ದು ಕಣ್ಣು ತಪ್ಪಿತು ಅಂದರೆ ಸಾಮಾನ್ಯವಾಗಿ ಸ್ಟಿಕ್ಕರ್ ಇಲ್ಲ. ಆ ನಂಬರನ್ನು ಲೀಗಿನ ವೆಬ್‌ಸೈಟಿನಲ್ಲಿ ಹಾಕಿದರೆ ಯಾವ ಮ್ಯಾಚಿನ ಬಾಲ್ ಅನ್ನೋದು ಬರುತ್ತದೆ. ನನ್ನ ಎರಡೂ ಬಾಲ್ ಈಗ ಅಂಥವೇ.

ಆದರೆ ಅಸಲಿ ಬಾಲನ್ನೇ ನಾನು ಕೈಯಾರೆ ಹಾಳು ಮಾಡಿಕೊಳ್ಳುತ್ತಿದ್ದೆ.

ಮನೆ ಗಾಳಿಬೀಡು ರಸ್ತೆಯಲ್ಲಿ. ಸುತ್ತ ತೋಟ, ಮರಗಳ ನೆರಳು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಮುಟ್ಟಿದರೆ ಕೈಗೆ ತಣ್ಣಗೆ ಒದ್ದೆ ಹತ್ತುತ್ತದೆ. ಚಪ್ಪಲಿ, ಬೆಲ್ಟು, ಪರ್ಸು, ಮದುವೆ ಆಲ್ಬಮ್, ಯಾವುದನ್ನೂ ಬೂಸು ಬಿಡುವುದಿಲ್ಲ. ಬೇಸ್‌ಬಾಲ್ ಅಂದರೂ ಚರ್ಮವೇ ಅಲ್ವಾ? ಒಳಗೆ ಉಣ್ಣೆ ದಾರ, ಮೇಲೆ ಬಿಳಿ ಚರ್ಮ, 108 ಜೋಡಿ ಕೆಂಪು ಹೊಲಿಗೆ. ಅದನ್ನು ಅಕ್ರಿಲಿಕ್ ಡಬ್ಬಿಯಲ್ಲಿ ಹಾಕಿ ಶೋಕೇಸಿನಲ್ಲಿ ಇಟ್ಟಿದ್ದೆ. ಡಬ್ಬಿ ಮುಚ್ಚಿದೆ, ಇನ್ನೇನು ಭಯ ಅಂತ.

ಕೈಲ್ ಪೊಳ್ದ್, ಅಂದರೆ ನಮ್ಮ ಆಯುಧಪೂಜೆ ಹಬ್ಬದ ದಿನ ಮನೆ ತುಂಬ ನೆಂಟರು. ತೋರಿಸೋಣ ಅಂತ ಡಬ್ಬಿ ತೆಗೆದೆ. ಹಳೇ ಟ್ರಂಕಿನ ವಾಸನೆ ಬಂತು. ಕಿಟಕಿ ಬೆಳಕಿಗೆ ಹಿಡಿದು ನೋಡಿದರೆ ಹೊಲಿಗೆಯ ಉದ್ದಕ್ಕೂ ಸೂಜಿಮೊನೆಯಷ್ಟು ಬೂದು ಹಸಿರು ಚುಕ್ಕೆಗಳು. ಎರಡು ಹೊಲಿಗೆ ಹತ್ತಿರ ಬರುವ ಕಡೆ ಒಂದು ಕಿರಿದಾದ ಖಾಲಿ ಜಾಗ ಇರುತ್ತದೆ, ಸಹಿಗೆ ಅದೇ ಒಳ್ಳೆ ಜಾಗ, ಸ್ವೀಟ್ ಸ್ಪಾಟ್ ಅನ್ನುತ್ತಾರೆ. ಅಲ್ಲಿ ನೀಲಿ ಬಾಲ್‌ಪೆನ್ ಗೆರೆಯ ಕೊನೆಗೆ, ಅಕ್ಷರ ತಿರುಗುವ ಕಡೆ, ಒಂದು ಚುಕ್ಕೆ ಗೆರೆಯ ಮೇಲೆಯೇ ಕೂತಿತ್ತು. ಅದರ ಪಕ್ಕ ನೀಲಿ ಬಣ್ಣ ಒಂದು ಕೂದಲಿನಷ್ಟು ಹರಡಿತ್ತು. ಊಟ ಸೇರಲಿಲ್ಲ.

ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ದಯವಿಟ್ಟು. ನಾನು ಬಿಸಿಲು ಬಂದ ಮೇಲೆ ಹೊರಗಡೆ ನೆರಳಲ್ಲಿ ಕೂತು, ಮಾಸ್ಕ್ ಹಾಕಿ, ಒಣಗಿದ ಮೆತ್ತನೆ ಬ್ರಶ್‌ನಿಂದ ಹೊಲಿಗೆಯದ್ದನ್ನು ಮಾತ್ರ ತೆಗೆದೆ. ಸಹಿಯ ಮೇಲಿನ ಚುಕ್ಕೆ ಮುಟ್ಟಲಿಲ್ಲ. ಮುಟ್ಟಿದರೆ ಶಾಯಿಯೂ ಬರುತ್ತದೆ. ಸ್ಟಿಕ್ಕರಿನ ಹತ್ತಿರವೂ ಹೋಗಲಿಲ್ಲ, ಅದು ಎದ್ದರೆ ಕಿತ್ತ ಗುರುತು ಉಳಿಯುವ ಹಾಗೆಯೇ ಮಾಡಿರುತ್ತಾರೆ.

ಮುಂದಿನ ವರ್ಷ ಸಿಲಿಕಾ ಜೆಲ್ ಪ್ರಯತ್ನಿಸಿದೆ. ಬಿಸ್ಕೆಟ್ ಡಬ್ಬದಲ್ಲಿ ಬಾಲ್, ಸುತ್ತ ಪೊಟ್ಟಣಗಳು. ಬೆಂಗಳೂರಲ್ಲಾದರೆ ಸಾಕಾಗಬಹುದು. ಇಲ್ಲಿ ಕಕ್ಕಡದಲ್ಲಿ ಕೆಲವೇ ದಿನಕ್ಕೆ ನೀಲಿ ಹರಳು ಗುಲಾಬಿ ಆಗಿಬಿಡುತ್ತದೆ. ಮತ್ತೆ ಬಿಸಿ ಮಾಡಿ ಒಣಗಿಸಬೇಕು. ಆ ತಿಂಗಳಲ್ಲಿ ಬಿಸಿಲೇ ಇಲ್ಲ, ತವದ ಮೇಲೆ ಹುರಿಯುತ್ತಾ ಕೂರಬೇಕಿತ್ತು. ಒಂದು ವಾರ ಊರಿಗೆ ಹೋಗಿ ಬಂದರೆ ಮುಗಿಯಿತು.

ಆಗ ಈ ಪೆಟ್ಟಿಗೆ ತರಿಸಿದೆ. ಇದರಲ್ಲಿ ಎರಡು ಜಾತಿ ಇದೆ, ಕೊಳ್ಳುವ ಮೊದಲು ಕೇಳಿ ತಿಳಿದುಕೊಳ್ಳಿ. ಒಂದು ಪೆಲ್ಟಿಯರ್, ಒಳಗೆ ಒಂದು ತಟ್ಟೆಯನ್ನು ತಣ್ಣಗೆ ಮಾಡಿ ಅದರ ಮೇಲೆ ತೇವ ಕೂರಿಸುತ್ತದೆ. ಇನ್ನೊಂದು ಡೆಸಿಕೆಂಟ್. ಒಳಗಿನ ಹರಳು ತೇವ ಹೀರುತ್ತದೆ, ಆಗಾಗ ಯಂತ್ರವೇ ಆ ಹರಳನ್ನು ಬಿಸಿ ಮಾಡಿ ತೇವವನ್ನು ಹಿಂದಿನಿಂದ ಹೊರಗೆ ಬಿಡುತ್ತದೆ. ನಾನು ತವದಲ್ಲಿ ಮಾಡುತ್ತಿದ್ದ ಕೆಲಸವನ್ನೇ ಅದು ತಾನೇ ಮಾಡಿಕೊಳ್ಳುತ್ತದೆ. ನಮ್ಮ ಮಳೆಗಾಲ ಒದ್ದೆ ಮಾತ್ರ ಅಲ್ಲ, ಚಳಿ ಕೂಡ. ಚಳಿಯಲ್ಲಿ ಪೆಲ್ಟಿಯರ್‌ಗೆ ಶಕ್ತಿ ಕಡಿಮೆ. ಹಾಗಾಗಿ ಕೊಡಗಿಗೆ ಡೆಸಿಕೆಂಟ್ ಇರುವುದನ್ನೇ ತಗೊಳ್ಳಿ.

ಮೊದಲ ಜುಲೈಯಲ್ಲಿ ಹಾಲ್‌ನಲ್ಲಿ ತೇವ 94 ಪರ್ಸೆಂಟ್ ತೋರಿಸುವಾಗ ಪೆಟ್ಟಿಗೆಯಲ್ಲಿ 45. ಬೆಳಿಗ್ಗೆ ಎದ್ದು ಮೊದಲು ಆ ನಂಬರ್ ನೋಡುತ್ತಿದ್ದೆ. ಆದರೆ ಪೆಟ್ಟಿಗೆ ಹೇಳಿದ್ದನ್ನು ಹಾಗೇ ನಂಬಬೇಡಿ. ಒಣಗಿಸುವ ಪಾರ್ಚ್‌ಮೆಂಟ್ (ಒಳಸಿಪ್ಪೆ ಇರುವ) ಕಾಫಿ ಸುಮಾರು 10 ಪರ್ಸೆಂಟ್ ತೇವಕ್ಕೆ ಬಂತಾ ಅಂತ ನಾವು ಮೀಟರ್ ಹಾಕಿ ನೋಡುವವರು, ಇದನ್ನೂ ನೋಡಬೇಕು. ಒಂದು ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕರಗಿ ನೀರಾಗದಷ್ಟು, ಬರೀ ಒದ್ದೆ ಆಗುವಷ್ಟು ನೀರು ಬೆರೆಸಿ, ಅದರ ಜೊತೆ ಗಾಳಿಯ ತೇವ ಅಳೆಯುವ ಒಂದು ಸಣ್ಣ ಹೈಗ್ರೋಮೀಟರನ್ನು ಜಿಪ್ ಕವರಿನಲ್ಲಿ ಒಂದು ರಾತ್ರಿ ಮುಚ್ಚಿಡಿ. ಸರಿಯಾದ ಮೀಟರ್ 75 ತೋರಿಸಬೇಕು. ನನ್ನ ಮೀಟರ್ 76 ತೋರಿಸಿತು. ಅದನ್ನು ಒಳಗಿಟ್ಟಾಗ ಪೆಟ್ಟಿಗೆ 45 ಅನ್ನುತ್ತಿತ್ತು, ಮೀಟರ್ 51. ಐದಾರು ಪರ್ಸೆಂಟ್ ಸುಳ್ಳು. ಈಗ 41ಕ್ಕೆ ಇಟ್ಟಿದ್ದೇನೆ. ತೀರಾ ಕೆಳಗೂ ಇಳಿಸಬೇಡಿ, ಚರ್ಮ ಒಣಗಿ ಬಿರುಕು ಬಿಡುತ್ತದೆ.

ಬಾಲಿನ ತೇವದ ಬಗ್ಗೆ ಲೀಗ್‌ನವರೂ ತಲೆ ಕೆಡಿಸಿಕೊಂಡಿದ್ದಾರೆ, ಆದರೆ ನಮಗೆ ಉಲ್ಟಾ. ಡೆನ್ವರ್ ಸಮುದ್ರಮಟ್ಟದಿಂದ ಒಂದು ಮೈಲಿ ಎತ್ತರದಲ್ಲಿದೆ. ಅಲ್ಲಿನ ಒಣ ಗಾಳಿಯಲ್ಲಿ ಬಾಲ್ ಒಣಗಿ ಜಾಸ್ತಿ ದೂರ ಹಾರುತ್ತದೆ ಅಂತ 2002ರಲ್ಲಿ ಬಾಲ್‌ಗಳನ್ನು ತೇವ ಕಾಪಾಡುವ ಕೋಣೆಯಲ್ಲಿ ಇಡಲು ಶುರು ಮಾಡಿದರು. 2022ರಿಂದ 30 ಮೈದಾನಗಳಲ್ಲೂ ಅದೇ ಕ್ರಮ. ಇಚಿರೋ ಕೂಡ ತಮ್ಮ ಬ್ಯಾಟ್‌ಗಳನ್ನು ತೇವ ತಾಗದ ವಿಶೇಷ ಪೆಟ್ಟಿಗೆಯಲ್ಲೇ ಇಟ್ಟು ಒಯ್ಯುತ್ತಿದ್ದರು. ಬ್ಯಾಟ್ ನೆಲಕ್ಕೆ ಎಸೆಯುವವರ ನಡುವೆ ಅವರು ಅದನ್ನು ಮಗುವಿನ ಹಾಗೆ ನೋಡಿಕೊಳ್ಳುತ್ತಿದ್ದರು. ಅವರ ಸಹಿಗೆ ನಾನು ಇಷ್ಟಾದರೂ ಮಾಡಬೇಕು.

ಕರೆಂಟ್ ವಿಷಯ. ಗಾಳಿ ಮಳೆಗೆ ಮರ ಬಿದ್ದು ಒಮ್ಮೆ ನಾಲ್ಕು ದಿನ ಕರೆಂಟ್ ಇರಲಿಲ್ಲ. ಬಾಗಿಲು ಒಂದು ಸಲವೂ ತೆಗೆಯಲಿಲ್ಲ. ನಾಲ್ಕನೇ ದಿನ ಮೀಟರ್ 60 ದಾಟಿತ್ತು, ಕರೆಂಟ್ ಬಂದ ಮೇಲೆ ಇಳಿಯಲು ಒಂದು ದಿನ ಹಿಡಿಯಿತು. ಸೀಲ್ ಗಟ್ಟಿ ಇದೆ ಅಂತ ಅರ್ಥ. ಈಗ ಇನ್ವರ್ಟರ್ ಲೈನಿಗೆ ಹಾಕಿದ್ದೇನೆ, ಸಣ್ಣ ಬಲ್ಬಿನಷ್ಟೇ ಎಳೆಯುತ್ತದೆ.

ಬೇಸರ ಆಗಿದ್ದೂ ಇದೆ. ಒಳಗಿನ ಎಲ್‌ಇಡಿ ಲೈಟ್ ಬಾಗಿಲು ತೆಗೆದಾಗಲೆಲ್ಲ ತಾನೇ ಹತ್ತುತ್ತದೆ, ನಿಲ್ಲಿಸುವ ಬಟನ್ ಇಲ್ಲ. ಬೆಳಕು ಸಹಿಯ ಶತ್ರು. ಅದರ ಮೇಲೆ ಕಪ್ಪು ಟೇಪ್ ಅಂಟಿಸಿದೆ, ಗಾಜಿಗೆ ಒಂದು ಬಟ್ಟೆ ಇಳಿಬಿಟ್ಟೆ. ಬೀಗ ಸುಮ್ನೆ ಹೆಸರಿಗೆ. ಸರ್ವಿಸ್ ಬೇಕಾದರೆ ಮೈಸೂರಿಗೆ ಹೊರಬೇಕು, ಫೋನ್ ಮಾಡಿದರೆ ಸಾಮಾನ್ಯವಾಗಿ ಎರಡನೇ ದಿನ ಉತ್ತರ. ಗಾತ್ರವೂ ಸಾಲದು. 34 ಇಂಚಿನ ಬ್ಯಾಟ್ ಇದರಲ್ಲಿ ಹಿಡಿಯುವುದಿಲ್ಲ. ಬ್ಯಾಟ್ ಕೊಳ್ಳುವ ಆಸೆ ಇರುವವರು, ನನಗೂ ಇದೆ, ಎತ್ತರದ ಮಾದರಿಯನ್ನೇ ನೋಡಿ.

ಮತ್ತೆ ತಗೊಳ್ಳುತ್ತೀಯಾ ಅಂದರೆ ತಗೊಳ್ಳುತ್ತೇನೆ, 50 ಲೀಟರಿನದು. ಐದರಲ್ಲಿ ನಾಲ್ಕು ಸ್ಟಾರ್. ಎರಡು ಮಳೆಗಾಲದಲ್ಲಿ ಹೊಸ ಚುಕ್ಕೆ ಒಂದೂ ಬಂದಿಲ್ಲ. ಹಳೆಯ ಆ ಒಂದು ಚುಕ್ಕೆ ಅಲ್ಲೇ ಇದೆ, ಬೆಳೆದಿಲ್ಲ. ಮ್ಯಾಚಿನ ಬಾಲ್ ಮೇಲೆ ಇನ್ನೂ ಆ ಮಸುಕು ಕಂದು ಬಣ್ಣ ಇದೆ. ಆಟಕ್ಕೆ ಮೊದಲು ಹೊಸ ಬಾಲಿನ ಜಾರು ಹೋಗಲಿ ಅಂತ ಡೆಲವೇರ್ ನದಿ ಕಡೆಯ ಕೆಸರನ್ನು ಉಜ್ಜುತ್ತಾರೆ, ಅದರ ಬಣ್ಣ. ಒಂದು ಕಡೆ ಬ್ಯಾಟ್ ತಾಗಿದ ಗುರುತು. ಅದನ್ನು ಒರೆಸಿ ಬೆಳ್ಳಗೆ ಮಾಡಿಕೊಡಲಾ ಅಂತ ನಮ್ಮ ಮನೆಗೆ ಬಂದ ಒಬ್ಬರು ಪ್ರೀತಿಯಿಂದ ಕೇಳಿದ್ದರು. ಆ ಕೊಳೆಯೇ ಆಟ ಅಂತ ಹೇಳಿದೆ.

ಹೋದ ತಿಂಗಳು ಚಿಕ್ಕಪ್ಪ ಬಂದಿದ್ದರು. ಪೆಟ್ಟಿಗೆ ನೋಡಿ ಏನೂ ಮಾತಾಡಲಿಲ್ಲ. ಮಾರನೇ ವಾರ ಮತ್ತೆ ಬಂದಾಗ ಕೈಯಲ್ಲಿ ಒಂದು ಕವರ್. 1997ರಲ್ಲಿ ಕರಡದಲ್ಲಿ ಮೊದಲ ಕೊಡವ ಹಾಕಿ ಹಬ್ಬ ನಡೆದಾಗ ನಮ್ಮ ಒಕ್ಕದ (ಮನೆತನದ) ಪರವಾಗಿ ಅವರು ಆಡಿದ ಜೆರ್ಸಿ. ಕಾಲರ್ ಹತ್ತಿರ ಬೂಸಿನ ಕಲೆ, ಮೊಣಕೈಯಲ್ಲಿ ಮೈದಾನದ ಕೆಂಪು ಮಣ್ಣು ಇನ್ನೂ ಇದೆ. ಇದಕ್ಕೆ ಹೊಲೋಗ್ರಾಮ್ ಇಲ್ಲ, ಹಾಕಿಕೊಂಡು ಆಡಿದವರೇ ಎದುರಿಗೆ ಕೂತಿದ್ದರು. ಹತ್ತಿ ಬಟ್ಟೆಯಲ್ಲಿ ಸುತ್ತಿ ಕೆಳಗಿನ ಶೆಲ್ಫಿನಲ್ಲಿಟ್ಟೆ. ಟಿಕೆಟ್‌ಗಳನ್ನು ಮೇಲಕ್ಕೆ ಸರಿಸಬೇಕಾಯಿತು.