ಅಮ್ಮನಿಗೆ ಅಂತ ತಂದ ದೊಡ್ಡಕ್ಷರದ ಸತ್ಯವೇದ, ಈಗ ನಾನೂ ಅದ್ರಲ್ಲೇ ಓದ್ತಿದೀನಿ

ತಗೊಂಡು ಐದು ತಿಂಗಳಾಯ್ತು, ದಿನಾ ಬಳಸಿದ ಮೇಲೇನೇ ಬರೀತಿದೀನಿ. ಬೈಬಲ್ ಸೊಸೈಟಿಯವರ ದೊಡ್ಡಕ್ಷರದ ಕನ್ನಡ ಸತ್ಯವೇದ, ಹಳೇ ಭಾಷಾಂತರ, ಕಪ್ಪು ರಟ್ಟು. ಅಮ್ಮನಿಗೆ ಒಂದು ಕಣ್ಣಿಗೆ ಪೊರೆ ಆಪರೇಷನ್ ಆಗಿದೆ, ಇನ್ನೊಂದು ಬಾಕಿ, ಮದ್ವೇಲಿ ಕೊಟ್ಟಿದ್ದ ಚಿಕ್ಕ ಸತ್ಯವೇದ ಓದೋಕೇ ಆಗ್ತಿರ್ಲಿಲ್ಲ.

ಅಕ್ಷರದ ವಿಷ್ಯ ಮೊದ್ಲು ಹೇಳ್ತೀನಿ, ಯಾಕಂದ್ರೆ ವಯಸ್ಸಾದವ್ರಿಗೆ ಅದೇ ಮುಖ್ಯ. ಕನ್ನಡದಲ್ಲಿ ಕಷ್ಟ ಕೊಡೋದು ಒತ್ತಕ್ಷರ, ಚಿಕ್ಕ ಪ್ರಿಂಟಲ್ಲಿ ಒತ್ತು ಕೆಳಗಿನ ಸಾಲಿಗೆ ಅಂಟ್ಕೊಂಡು 'ಕ್ರಿಸ್ತ'ದ ತ ವತ್ತು ಚುಕ್ಕೆ ಥರ ಕಾಣತ್ತೆ, ಇದ್ರಲ್ಲಿ ಸಾಲಿಗೂ ಸಾಲಿಗೂ ಜಾಗ ಬಿಟ್ಟಿದಾರೆ, ಅಮ್ಮ ಬೆರಳಿಟ್ಟು ಓದಿದ್ರೆ ಬೆರಳು ಪಕ್ಕದ ಸಾಲು ಮುಚ್ಚಲ್ಲ. ಭಾರ ಇದೆ, ಮಲ್ಕೊಂಡು ಕೈಲಿ ಹಿಡಿಯೋಕಾಗಲ್ಲ, ಅಮ್ಮ ತೊಡೆ ಮೇಲೆ ದಿಂಬಿಟ್ಟು ಅದ್ರ ಮೇಲೆ ಇಟ್ಕೋತಾರೆ. ಹಾಳೆ ಎಲ್ಲಾ ಬೈಬಲ್ ಥರಾನೇ ತೆಳು, ಒದ್ದೆ ಕೈಲಿ ಮುಟ್ಬೇಡಿ. ತಗೊಳೋವಾಗ ಒಳಗೆ ತೆಗ್ದು ನೋಡಿ, 'ಯೆಹೋವ' ಅಂತಿದ್ರೆ ಹಳೇ ಭಾಷಾಂತರ, 'ಸರ್ವೇಶ್ವರ' ಅಂತಿದ್ರೆ ಹೊಸ ಭಾಷಾಂತರ, ಬಾಯಿಪಾಠ ಆಗಿರೋ ಕೀರ್ತನೆ ಬೇರೆ ಮಾತಲ್ಲಿ ಬಂದ್ರೆ ಹಿರಿಯರಿಗೆ ಹೊಂದಲ್ಲ.

ಇನ್ನು ನನ್ನ ಕಥೆ. ನಾನು ಓದ್ತಿದ್ದಿದ್ದು ಫೋನಲ್ಲಿ, ಒಂದು ಆ್ಯಪಲ್ಲಿ. ಎಷ್ಟು ದಿನ ಬಿಡದೆ ಓದಿದೀವಿ ಅಂತ ಅದು ನಂಬರ್ ತೋರಿಸ್ತಿತ್ತು. ನಂದು 400 ದಾಟಿತ್ತು. ಶುಕ್ರವಾರ ಉಪವಾಸ, ಬೆಳಗ್ಗೆ ಐದಕ್ಕೆ ಪ್ರಾರ್ಥನೆ, ಭಾನುವಾರ ಸಂಡೇ ಸ್ಕೂಲ್ ಕ್ಲಾಸ್, ಒಂದೂ ತಪ್ಪಿಸ್ತಿರ್ಲಿಲ್ಲ, ಒಳಗೆ ಮಾತ್ರ ಸುಸ್ತು. ನಮ್ಮೆಜಮಾನ್ರಿಗೆ ಡೆಂಗ್ಯೂ ಬಂದು ಪ್ಲೇಟ್ಲೆಟ್ ಇಳಿದ ರಾತ್ರಿ ಆಸ್ಪತ್ರೆ ಬೆಂಚಲ್ಲಿ ಕೂತಿದ್ದೆ, ಓದಿಲ್ಲ, ಮಾರನೇ ದಿನ ನೋಡಿದ್ರೆ ನಂಬರ್ ಮತ್ತೆ ಒಂದು. ಅವ್ರು ಹುಷಾರಾದ್ರು, ದೇವರಿಗೆ ಸ್ತೋತ್ರ, ಆದ್ರೆ ಆ ನಂಬರ್‌ಗೋಸ್ಕರ ಅತ್ತೆ ನಾನು, ದೇವ್ರು ನನ್ನ ಮೇಲೆ ಬೇಜಾರಾಗಿರ್ತಾನೆ ಅಂತ ನಿಜವಾಗ್ಲೂ ಭಯ ಆಯ್ತು.

ಆಮೇಲೆ ಅಮ್ಮನ ಮನೇಲಿ ಹದಿನೈದು ದಿನ ಇದ್ದೆ. ಚಿಕ್ಕಬಳ್ಳಾಪುರದ ಕಡೆ, ಹಿಂದೆ ಪಕ್ಕದವ್ರ ದ್ರಾಕ್ಷಿ ಚಪ್ಪರ, ಬೆಂಗಳೂರ್ ಬ್ಲೂ. ಅಮ್ಮ ಯೋಹಾನನ ಸುವಾರ್ತೆಯ 15ನೇ ಅಧ್ಯಾಯ ಓದ್ತಿದ್ರು, 'ನಾನೇ ದ್ರಾಕ್ಷಿಬಳ್ಳಿ, ನೀವು ಕೊಂಬೆಗಳು' ಅಂತ ಯೇಸು ಹೇಳೋದು ಅದ್ರಲ್ಲೇ, ಮಾರನೇ ದಿನಾನೂ ಅದೇ, ಮೂರನೇ ದಿನಾನೂ ಅದೇ. ಮುಂದಿನ ಅಧ್ಯಾಯಕ್ಕೆ ಹೋಗಲ್ವಾಮ್ಮ ಅಂದೆ. "ಇದಿನ್ನೂ ಮುಗ್ದಿಲ್ಲ ಕಣೇ" ಅಂದ್ರು.

ಆ ವಾರ ಚಪ್ಪರದಲ್ಲಿ ಕತ್ರಿ ಹಾಕ್ತಿದ್ರು. ಬೆಳಗ್ಗೆ ಕತ್ತರಿಸಿ ಬೇಲಿ ಹತ್ರ ಎಸೆದ ಕಡ್ಡೀಲಿ ಎಲೆ ಹಸಿರಾಗೇ ಇತ್ತು, ನೋಡೋಕೆ ಬಳ್ಳೀಲಿರೋದಕ್ಕೂ ಅದಕ್ಕೂ ವ್ಯತ್ಯಾಸಾನೇ ಇಲ್ಲ. ಸಂಜೆಗೆ ಎಲೆ ಅಂಚು ಒಳಕ್ಕೆ ಸುತ್ಕೊಂಡು, ಮುಟ್ಟಿದ್ರೆ ಬಾಡಿದ ವೀಳ್ಯದೆಲೆ ಥರ. ಬಳ್ಳೀಲಿದ್ದ ಕೊಂಬೆ ಏನೂ ಮಾಡ್ಲಿಲ್ಲ, ಅಂಟ್ಕೊಂಡಿತ್ತು ಅಷ್ಟೇ, ರಸ ಬೇರಿಂದ ಬರ್ತಿತ್ತು. ಅದೇ ಅಧ್ಯಾಯದಲ್ಲಿ 'ನೆಲೆಗೊಂಡಿರ್ರಿ' ಅಂತ ಇದ್ಯಲ್ಲ, ನಾನು ಅದನ್ನ ಎಷ್ಟು ವರ್ಷ ಇನ್ನೊಂದು ಕೆಲ್ಸ ಅಂತ ಓದಿದೀನಿ! ನೆಲೆ ಅಂದ್ರೆ ಇರೋ ಜಾಗ, ಬಂದು ಇರು ಅಂತ ಕರೀತಿದಾನೆ ಕರ್ತನು, ನನ್ನ ಬಿಟ್ಟು ನಿಮ್ಮಿಂದ ಏನೂ ಆಗಲ್ಲ ಅಂತಾನೂ ಅಲ್ಲೇ ಹೇಳಿದಾನೆ.

ನನ್ನ ಮಾವನವ್ರು ಮೈಸೂರಿನವ್ರು, ವೆಸ್ಲಿಯನ್ ಮಿಷನ್ನಿಂದ ಬಂದ ಚರ್ಚಿನವ್ರು, ಮೆಥಡಿಸ್ಟ್ ಪಂಗಡ ಶುರುಮಾಡಿದ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿ ವಿಷ್ಯ ಅವ್ರು ಹೇಳ್ತಿದ್ದಿದ್ದು ಆಗ ನೆನಪಾಯ್ತು. ವೆಸ್ಲಿ ಆಕ್ಸ್‌ಫರ್ಡಲ್ಲಿದ್ದಾಗ ಗಂಟೆಗಂಟೆಗೂ ಡೈರಿ ಬರೆದು ತನ್ನ ಭಕ್ತಿಗೆ ತಾನೇ ನಂಬರ್ ಹಾಕ್ಕೋತಿದ್ರಂತೆ, ಉಪವಾಸ, ಜೈಲಿಗೆ ಹೋಗಿ ಕೈದಿಗಳ ಸೇವೆ, ಅಮೆರಿಕಾದ ಜಾರ್ಜಿಯಾಗೆ ಮಿಷನರಿಯಾಗಿ ಹೋಗಿದ್ದು, ಇಷ್ಟೆಲ್ಲಾ ಮಾಡಿದ್ರೂ ಸಮಾಧಾನ ಇಲ್ಲ. 1738ರ ಮೇ 24ರ ರಾತ್ರಿ, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟಕ್ಕೆ ಮನಸ್ಸಿಲ್ದೇ ಹೋಗಿ ಕೂತಿದ್ರು, ಯಾರೋ ಬೈಬಲಿನ ರೋಮಾಪುರದವರ ಪತ್ರಿಕೆಗೆ (ಪೌಲ ಬರೆದ ಪತ್ರ) ಮಾರ್ಟಿನ್ ಲೂಥರ್ ಬರೆದ ಮುನ್ನುಡಿ ಓದ್ತಿದ್ರು, ಕೇಳ್ತಾ ಕೇಳ್ತಾ ಎದೆ ಬೆಚ್ಚಗಾಯ್ತು, ರಕ್ಷಣೆಗೆ ಕ್ರಿಸ್ತನೊಬ್ಬನನ್ನೇ ನಂಬಿದೀನಿ ಅನ್ನೋ ಭರವಸೆ ಬಂತು. ಆಮೇಲೂ ಅವ್ರು ಸುಮ್ನೆ ಕೂರ್ಲಿಲ್ಲ, 50 ವರ್ಷ ಕುದುರೆ ಮೇಲೆ, ಗಾಡೀಲಿ ಊರೂರು ಸುತ್ತಿ ಸಾರಿದ್ರು. ಇದನ್ನ ಯಾಕೆ ಬರೀತಿದೀನಿ ಅಂದ್ರೆ ದೇವರ ಮೇಲೆ ಭಾರ ಹಾಕೋದು ಅಂದ್ರೆ ಸೋಮಾರಿತನ ಅಂತ ನಮ್ಮಲ್ಲಿ ತುಂಬಾ ಜನ ಅನ್ಕೊಂಡಿದಾರೆ, ನಾನೂ ಹಾಗೇ ಅನ್ಕೊಂಡಿದ್ದೆ.

ಈಗ ಆ ನಂಬರ್ ನೋಡ್ತಿಲ್ಲ. ನಾನೂ ಇನ್ನೊಂದು ಕಾಪಿ ತಂದ್ಕೊಂಡೆ. ಇದ್ರಲ್ಲಿ ಇರೋದು ಒಂದು ಕೆಂಪು ದಾರ, ಎಲ್ಲಿ ನಿಲ್ಸಿದ್ನೋ ಅಲ್ಲೇ ಇರತ್ತೆ, ಎರಡು ದಿನ ತೆಗೀದಿದ್ರೂ ಅಲ್ಲೇ. ಓದೋ ಮುಂಚೆ 'ಕರ್ತನೇ, ಇವತ್ತು ನನ್ನ ಕೈಲಿ ಏನೂ ಇಲ್ಲ' ಅಂತ ಒಂದೇ ಮಾತು ಹೇಳ್ತೀನಿ. ಒಂದೊಂದ್ ದಿನ ನಾಲ್ಕೇ ವಚನ. ಉಪವಾಸ ಬಿಟ್ಟಿಲ್ಲ, ಆದ್ರೆ ಶುಕ್ರವಾರ ಬಂತು ಅಂದ್ರೆ ಮೊದಲಿನ ಹೆದರಿಕೆ ಇಲ್ಲ.

ಸ್ಟಾರ್ ಕೊಡೋದಾದ್ರೆ ಐದಕ್ಕೆ ಐದು. ಆನ್‌ಲೈನಲ್ಲಿ ತರ್ಸೋಕಿಂತ ಅಂಗಡಿಗೇ ಹೋಗಿ ಹಿರಿಯರ ಕೈಗೆ ಕೊಟ್ಟು ಓದ್ಸಿ ನೋಡಿ ತಗೊಳ್ಳಿ, ಬಟ್ಟೆ ಚೀಲ ತಗೊಂಡೋಗಿ, ಪ್ಲಾಸ್ಟಿಕ್ ಕವರ್ ಈ ಭಾರ ತಡೆಯಲ್ಲ. ಅಮ್ಮ ಈಗ ಯೋಹಾನ 16ಕ್ಕೆ ಬಂದಿದಾರೆ.