ಚಂದಾ ಕಟ್ಟಿ ಓದುವ ನಿಘಂಟು: ‘ವಿಯರ್ಡ್’ ಪದದ ಬೆನ್ನು ಹತ್ತಿ

ನಾನು ಡಿಗ್ರಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಯಾವ ನಿಘಂಟು ಕೈಗೆ ಬಂದರೂ ಮೊದಲು ಹುಡುಕುವುದು ‘ವಿಯರ್ಡ್’ ಪದವನ್ನು. ನಮ್ಮ ಹುಡುಗರ ಬಾಯಲ್ಲಿ ದಿನವಿಡೀ ಇರುವ ಪದ ಅದು. ಹಾಸ್ಟೆಲ್ ಸಾರು ವಿಯರ್ಡ್, ಪ್ರಶ್ನೆಪತ್ರಿಕೆ ವಿಯರ್ಡ್, ಯಾರದೋ ಹೊಸ ಕ್ರಾಪು ವಿಯರ್ಡ್. ಅದೇ ಹುಡುಗರು ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕ ಓದಲು ಕೂತಾಗ, ಅದರಲ್ಲಿ ಭವಿಷ್ಯ ನುಡಿಯುವ ಮೂವರು ಮಾಟಗಾತಿಯರ ಹೆಸರಾದ ‘ವಿಯರ್ಡ್ ಸಿಸ್ಟರ್ಸ್’ ಅಂದರೆ ವಿಚಿತ್ರವಾದ ಅಕ್ಕತಂಗಿಯರು ಅಂತ ಪಕ್ಕದಲ್ಲಿ ಬರೆದುಕೊಳ್ಳುತ್ತಾರೆ. ಆ ನಾಟಕದ ಭಯ ಅರ್ಧ ಅಲ್ಲೇ ಹೋಯಿತು. ಈ ಒಂದು ಪದವನ್ನು ಸರಿಯಾಗಿ ಬಿಡಿಸಿ ತೋರಿಸುವ ನಿಘಂಟನ್ನು ನಾನು ನಂಬುತ್ತೇನೆ.

ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಆನ್‌ಲೈನ್ ಆವೃತ್ತಿಗೆ ಚಂದಾ ಕಟ್ಟಿ ಓದುತ್ತಿದ್ದೇನೆ. ನಮ್ಮೆಲ್ಲರ ಮನೆಯಲ್ಲಿರುವ ಚಿಕ್ಕ ಆಕ್ಸ್‌ಫರ್ಡ್ ನಿಘಂಟು ಬೇರೆ, ಇದು ಬೇರೆ. ಇದು ದೊಡ್ಡದು. 1857ರಲ್ಲಿ ಭಾಷೆಯ ಅಧ್ಯಯನ ಮಾಡುವವರ ಸಂಘವಾದ ಲಂಡನ್ನಿನ ಫಿಲಲಾಜಿಕಲ್ ಸೊಸೈಟಿಯಲ್ಲಿ ಇದರ ಯೋಚನೆ ಹುಟ್ಟಿತು. 1879ರಲ್ಲಿ ಜೇಮ್ಸ್ ಮರ್ರೆ ಸಂಪಾದಕರಾದರು. ಮೊದಲ ಕಂತು ಅಚ್ಚಾದದ್ದು 1884ರಲ್ಲಿ, ಕೊನೆಯದು 1928ರಲ್ಲಿ. ಅಷ್ಟು ಹೊತ್ತಿಗೆ ಮರ್ರೆ ತೀರಿಹೋಗಿದ್ದರು. ಸಾವಿರಾರು ಓದುಗರು ಹಳೆಯ ಪುಸ್ತಕ ಓದಿ, ಒಂದೊಂದು ಪದ ಬಂದ ವಾಕ್ಯವನ್ನು ಚೀಟಿಯಲ್ಲಿ ಬರೆದು ಅಂಚೆಯಲ್ಲಿ ಕಳಿಸುತ್ತಿದ್ದರು. ಎರಡನೇ ಆವೃತ್ತಿ 1989ರಲ್ಲಿ 20 ಸಂಪುಟಗಳಾಗಿ ಬಂತು. 2000ದಲ್ಲಿ ಆನ್‌ಲೈನ್ ಆಯಿತು. ಈಗ 5 ಲಕ್ಷಕ್ಕೂ ಹೆಚ್ಚು ಪದ, ಅವಕ್ಕೆ ಆಧಾರವಾಗಿ 30 ಲಕ್ಷಕ್ಕೂ ಹೆಚ್ಚು ಉದಾಹರಣೆ ವಾಕ್ಯಗಳಿವೆ. ಆ ವಾಕ್ಯಗಳಿಗಾಗಿಯೇ ನಾನು ದುಡ್ಡು ಕೊಡುತ್ತಿರುವುದು. ಅರ್ಥ ಎಲ್ಲಿ ಬೇಕಾದರೂ ಸಿಗುತ್ತದೆ. ಇಂಥ ಇಸವಿಯಲ್ಲಿ ಇಂಥವರು ಹೀಗೆ ಬಳಸಿದರು ಅಂತ ಸಾಲಾಗಿ ನೋಡಿದಾಗ ಮಾತ್ರ ಪದ ನಡೆದು ಬಂದ ದಾರಿ ಕಾಣುತ್ತದೆ.

‘ವಿಯರ್ಡ್’ ನಾಮಪದಕ್ಕೂ ವಿಶೇಷಣಕ್ಕೂ ಇಲ್ಲಿ ಬೇರೆ ಬೇರೆ ನಮೂದು ಇದೆ. ಮೊದಲು ನಾಮಪದವನ್ನೇ ತೆರೆಯಿರಿ, ಯಾಕೆಂದರೆ ಕಥೆ ಶುರುವಾಗುವುದು ಅಲ್ಲಿ. ಹಳೆಯ ಇಂಗ್ಲಿಷಿನಲ್ಲಿ ಇದು ‘ವ್ಯುರ್ಡ್’. ಅರ್ಥ ವಿಧಿ, ಆಗಬೇಕಾದ್ದು, ಹಣೆಬರಹ. ವಿಚಿತ್ರ ಅನ್ನುವ ಅರ್ಥದ ಸುಳಿವೇ ಇಲ್ಲ. ‘ಬಿಯೊವುಲ್ಫ್’ ಕಾವ್ಯದಲ್ಲಿ ನಾಯಕ ರಾಕ್ಷಸನ ಜೊತೆ ಕಾದಾಡುವ ಮುಂಚೆ ಹೇಳುತ್ತಾನೆ, ವ್ಯುರ್ಡ್ ತಾನು ಹೋಗಬೇಕಾದ ಹಾಗೇ ಹೋಗುತ್ತಾಳೆ ಅಂತ. ಹೌದು, ‘ಹೋಗುತ್ತಾಳೆ’. ಆ ಭಾಷೆಯಲ್ಲಿ ಈ ಪದ ಸ್ತ್ರೀಲಿಂಗ. ಸ್ವಲ್ಪ ಮುಂದೆ ಇನ್ನೊಂದು ಮಾತು ಬರುತ್ತದೆ: ಸಾವು ಬರೆದಿರದ ವೀರನನ್ನು, ಅವನ ಧೈರ್ಯ ಗಟ್ಟಿಯಾಗಿದ್ದರೆ, ವ್ಯುರ್ಡ್ ಎಷ್ಟೋ ಸಲ ಕಾಪಾಡುತ್ತಾಳೆ. ಹಣೆಬರಹವೂ ಬೇಕು, ಎದೆಗಾರಿಕೆಯೂ ಬೇಕು. ನನ್ನ ಅಜ್ಜಿ ಒಪ್ಪುವಂಥ ಮಾತು ಇದು.

ಒಂಬತ್ತನೇ ಶತಮಾನದ ಆಲ್ಫ್ರೆಡ್ ದೊರೆಯ ಹೆಸರಿನಲ್ಲಿರುವ, ರೋಮನ್ ತತ್ವಜ್ಞಾನಿ ಬೊಯೀಥಿಯಸ್‌ನ ಗ್ರಂಥದ ಅನುವಾದದಲ್ಲಿ ಈ ಪದಕ್ಕೆ ಕ್ರೈಸ್ತ ನಂಬಿಕೆಯ ಒಳಗೆ ಜಾಗ ಮಾಡಿಕೊಟ್ಟಿದ್ದಾರೆ. ದೇವರ ಮನಸ್ಸಿನಲ್ಲಿ ಇರುವ ತನಕ ಅದು ಅವನ ಮುಂದಾಲೋಚನೆ, ನಡೆದ ಮೇಲೆ ನಾವು ಅದನ್ನು ವ್ಯುರ್ಡ್ ಅನ್ನುತ್ತೇವೆ ಅಂತ ವಿವರಣೆ. ಅದಕ್ಕೂ ಹಿಂದಿನ ಲ್ಯಾಟಿನ್ ಪದಪಟ್ಟಿಗಳಲ್ಲಿ, ರೋಮನ್ನರ ಮೂವರು ವಿಧಿದೇವಿಯರ ಹೆಸರಿನ ಎದುರಿಗೆ ಇದೇ ಪದದ ಬಹುವಚನ ಬರೆದಿದ್ದಾರೆ. ‘ವಿಯರ್ಡ್ ಸಿಸ್ಟರ್ಸ್’ ಬೇರು ಅಷ್ಟು ಹಳೆಯದು.

ವ್ಯುತ್ಪತ್ತಿ ಭಾಗ ಓದುವಾಗಲಂತೂ ನನಗೆ ಮೈ ಜುಂ ಅಂದಿತು. ‘ವ್ಯುರ್ಡ್’ ಹುಟ್ಟಿದ್ದು ‘ವೆಯೊರ್ದನ್’ ಎಂಬ ಕ್ರಿಯಾಪದದ ಕುಲದಲ್ಲಿ. ಅದರ ಅರ್ಥ ‘ಆಗು’. ಜರ್ಮನ್ನಿನ ‘ವೆರ್ಡನ್’ ಅದರ ಸೋದರ. ಲ್ಯಾಟಿನ್ನಿನಲ್ಲಿ ಅದೇ ಬೇರಿಗೆ ‘ತಿರುಗು’ ಅಂತ ಅರ್ಥ. ಸಂಸ್ಕೃತದಲ್ಲಿ ಅದೇ ‘ವೃತ್’. ಅಂದರೆ ನಾವು ದಿನಾ ಆಡುವ ವರ್ತನೆ, ಪರಿವರ್ತನೆ, ವೃತ್ತ, ಆವರ್ತ ಎಲ್ಲವೂ ಈ ಪದದ ದೂರದ ನೆಂಟರು. ಉತ್ತರದ ನಾರ್ಸ್ ಪುರಾಣದಲ್ಲೂ ಮೂವರು ವಿಧಿದೇವಿಯರಿದ್ದಾರೆ: ಉರ್ದ್, ವೆರ್ದಂದಿ, ಸ್ಕುಲ್ಡ್. ಮೊದಲ ಎರಡು ಹೆಸರೂ ಈ ‘ಆಗು’ ಧಾತುವಿನಿಂದಲೇ ಬಂದವು. ಮೂರನೆಯ ಹೆಸರಿಗೆ ಅವರ ಭಾಷೆಯಲ್ಲಿ ‘ಸಾಲ’ ಎಂಬ ಅರ್ಥವೂ ಇದೆ. ಋಣ ಎಂದ ಕೂಡಲೇ ಕನ್ನಡದವರಿಗೆ ವಿವರಣೆಯೇ ಬೇಡ, ಅಲ್ವಾ?

ಮುಂದಿನ ದಾರಿ ನೇರವಾಗಿಲ್ಲ. ಫ್ರೆಂಚ್, ಲ್ಯಾಟಿನ್ ಕಡೆಯಿಂದ ವಿಧಿ, ಅದೃಷ್ಟ ಎನ್ನುವ ಅರ್ಥದ ಫಾರ್ಚೂನ್, ಫೇಟ್, ಡೆಸ್ಟಿನಿ ಬಂದವು. ಹದಿನಾಲ್ಕನೇ ಶತಮಾನದಲ್ಲಿ ಇಂಗ್ಲಿಷ್ ಕವಿ ಚಾಸರ್ ಬರೆಯುವಾಗ ಹಳೆಯ ಪದ ಇನ್ನೂ ಬದುಕಿತ್ತು. ಫಾರ್ಚೂನ್ ದೇವಿಯನ್ನು ಅವನು ‘ವಿಯರ್ಡ್‌’ಗಳನ್ನು ಜಾರಿ ಮಾಡುವವಳು ಎಂದು ಕರೆಯುತ್ತಾನೆ. ಹೊಸ ಪದ, ಹಳೆ ಪದ ಒಂದೇ ಸಾಲಿನಲ್ಲಿ! ಆಮೇಲೆ ದಕ್ಷಿಣ ಇಂಗ್ಲೆಂಡಿನಲ್ಲಿ ಅದು ಸವೆಯುತ್ತಾ ಹೋಯಿತು. ಸ್ಕಾಟ್‌ಲೆಂಡಿನಲ್ಲಿ ಉಳಿಯಿತು. ‘ನಿನ್ನ ವಿಯರ್ಡ್ ನೀನೇ ಅನುಭವಿಸು’ ಎಂಬ ಮಾತು ಅಲ್ಲಿಯದು. 1420ರ ಸುಮಾರಿಗೆ ಅಲ್ಲಿನ ಆಂಡ್ರ್ಯೂ ಆಫ್ ವಿಂಟೌನ್ ಬರೆದ ಪದ್ಯಚರಿತ್ರೆಯಲ್ಲಿ, ಮ್ಯಾಕ್‌ಬೆತ್‌ನ ಕನಸಿಗೆ ಮೂವರು ‘ವಿಯರ್ಡ್’ ಅಕ್ಕತಂಗಿಯರು ಬರುತ್ತಾರೆ. ಆ ಕಥೆ ಹಾಲಿನ್‌ಶೆಡ್‌ನ ಇತಿಹಾಸ ಗ್ರಂಥಕ್ಕೆ ಇಳಿಯಿತು. ಅವರು ವಿಧಿದೇವತೆಗಳು ಇರಬಹುದು ಎಂದು ಅಲ್ಲಿ ಬಿಡಿಸಿಯೇ ಬರೆದಿದೆ. ಅಲ್ಲಿಂದ ಶೇಕ್ಸ್‌ಪಿಯರ್ ತೆಗೆದುಕೊಂಡ.

ಶೇಕ್ಸ್‌ಪಿಯರ್ ನಾಟಕಗಳ ಮೊದಲ ಸಂಗ್ರಹವಾದ 1623ರ ಫೋಲಿಯೋದಲ್ಲಿ ಈ ಪದದ ಕಾಗುಣಿತವೇ ಬೇರೆ. ‘ವೇವರ್ಡ್’, ‘ವೆಯರ್ಡ್’ ಅನ್ನುವ ಥರ ಅಚ್ಚಾಗಿದೆ. ‘ವೇವರ್ಡ್’ ಅಂದರೆ ಇಂಗ್ಲಿಷಿನಲ್ಲಿ ಹಠಮಾರಿ, ಹಾಗಾಗಿ ಹಠಮಾರಿ ಅಕ್ಕತಂಗಿಯರು ಅಂತ ಓದಿಕೊಳ್ಳಲು ಅಡ್ಡಿಯಿಲ್ಲ. 1733ರ ತನ್ನ ಶೇಕ್ಸ್‌ಪಿಯರ್ ಆವೃತ್ತಿಯಲ್ಲಿ ಸಂಪಾದಕ ಲೂಯಿಸ್ ಥಿಯೊಬಾಲ್ಡ್ ಹಾಲಿನ್‌ಶೆಡ್‌ನನ್ನು ನೋಡಿ ‘ವಿಯರ್ಡ್’ ಎಂದು ತಿದ್ದಿದ. ಇವತ್ತು ನಾವು ಓದುವುದು ಆ ತಿದ್ದಿದ ರೂಪವನ್ನು.

ವಿಚಿತ್ರ ಎಂಬ ಅರ್ಥ ಹೇಗೆ ಬಂತು? ರಂಗದ ಮೇಲೆ ಆ ಮೂವರೂ ಕಾಣುವ ರೀತಿ ನೆನಪಿಸಿಕೊಳ್ಳಿ. ಬತ್ತಿದ ಮೈ, ಗಡ್ಡ. ಈ ಭೂಮಿಯವರಂತೆ ಕಾಣುವುದಿಲ್ಲವಲ್ಲ ಎಂದು ಮ್ಯಾಕ್‌ಬೆತ್‌ನ ಜೊತೆಗಾರ ಬ್ಯಾಂಕೋ ಬೆರಗಾಗುತ್ತಾನೆ. ಹಳೆಯ ಅರ್ಥ ಮರೆತ ಓದುಗರು ಅವರ ರೂಪಕ್ಕೇ ಆ ಹೆಸರು ಅಂದುಕೊಂಡರು. ಹತ್ತೊಂಬತ್ತನೇ ಶತಮಾನದ ಮೊದಲ ದಶಕಗಳಲ್ಲಿ ಶೆಲ್ಲಿ, ಕೀಟ್ಸ್ ಕವಿತೆಗಳಲ್ಲಿ ಪದ ಆಗಲೇ ಆ ಕಡೆ ವಾಲಿದೆ. ಅಲ್ಲಿ ಅದು ಈ ಲೋಕದ್ದಲ್ಲ ಎನ್ನುವಂಥ ನಡುಕದ ಪದ. ಆಮೇಲೆ ನಡುಕವೂ ಇಳಿದು ಬರೀ ‘ಏನೋ ಒಂಥರಾ’ ಉಳಿಯಿತು. 2024ರಲ್ಲಿ ಅಮೆರಿಕದ ರಾಜಕಾರಣಿ ಟಿಮ್ ವಾಲ್ಜ್ ಎದುರಾಳಿಗಳನ್ನು ‘ವಿಯರ್ಡ್’ ಎಂದಾಗ ಅದು ರಾಜಕೀಯದ ಬೈಗುಳವಾಗಿ ಸುದ್ದಿಯಾಯಿತು. ವಿಧಿದೇವಿಯಿಂದ ಇಲ್ಲಿಯವರೆಗೆ.

ಚಂದಾ ಕಟ್ಟಲು ಆಗದವರಿಗೆ ಎರಡು ಉಚಿತ ತಾಣಗಳಿವೆ. ಒಂದು ಡಗ್ಲಸ್ ಹಾರ್ಪರ್ ನಡೆಸುವ ‘ಎಟಿಮ್‌ಆನ್‌ಲೈನ್’. ಎರಡು ನಿಮಿಷದಲ್ಲಿ ಪದದ ಬೇರು ಬೇಕಾದರೆ ಇದೇ ಸಾಕು. ನಾನು ಕ್ಲಾಸಿಗೆ ಹೋಗುವ ದಾರಿಯಲ್ಲಿ ಮೊಬೈಲಿನಲ್ಲಿ ನೋಡುವುದು ಇದನ್ನೇ. ಇನ್ನೊಂದು ಬಾಸ್ವರ್ತ್ ಮತ್ತು ಟಾಲರ್ ಅವರ ಆಂಗ್ಲೋ-ಸ್ಯಾಕ್ಸನ್ ನಿಘಂಟು. 1898ರದ್ದು, ಪುರವಣಿ 1921ರದ್ದು. ಪ್ರಾಗ್ ನಗರದ ಚಾರ್ಲ್ಸ್ ವಿಶ್ವವಿದ್ಯಾಲಯದವರು ಅದನ್ನು ಆನ್‌ಲೈನಿನಲ್ಲಿ ಇಟ್ಟಿದ್ದಾರೆ. ‘ವ್ಯುರ್ಡ್’ ಅಂಥ ಪದದ ಹಳೆಯ ಕಾಲವನ್ನು ಅದು ದೊಡ್ಡ ನಿಘಂಟಿಗಿಂತಲೂ ಹಿಗ್ಗಿಸಿ ತೋರಿಸುತ್ತದೆ. ಆದರೆ ಗ್ರಂಥಗಳ ಹೆಸರುಗಳೆಲ್ಲ ಸಂಕ್ಷೇಪ ರೂಪದಲ್ಲಿವೆ, ಹೊಸಬರಿಗೆ ಕಷ್ಟ. ಆಕ್ಸ್‌ಫರ್ಡ್ ತಾಣದಲ್ಲೂ ಪದದ ಸಾರಾಂಶ ಪುಟವನ್ನು ದುಡ್ಡಿಲ್ಲದೆ ಓದಬಹುದು. ಉದಾಹರಣೆಗಳ ಪೂರ್ತಿ ಸಾಲು ಮಾತ್ರ ಚಂದಾದಾರರಿಗೆ.

ಬೆಲೆ ಜಾಸ್ತಿ. ಸಂಬಳ ಬರುವವರೂ ಯೋಚಿಸಬೇಕಾದ ಮೊತ್ತ. ನಮ್ಮ ಕಾಲೇಜುಗಳ ಲೈಬ್ರರಿ ಸೇರಿ ತೆಗೆದುಕೊಂಡರೆ ಎಷ್ಟು ಚೆನ್ನ ಅಂತ ನಿಜವಾಗಿ ಅನ್ನಿಸುತ್ತದೆ. ಇನ್ನೊಂದು ಗಮನಿಸಿ: ಮೂರನೇ ಆವೃತ್ತಿಯ ಪರಿಷ್ಕರಣೆ ಇನ್ನೂ ನಡೆಯುತ್ತಿದೆ, ಅದನ್ನು ಶುರು ಮಾಡಿದ್ದೇ ಎಂ ಅಕ್ಷರದಿಂದ. ಹಾಗಾಗಿ ಕೆಲವು ನಮೂದುಗಳು ತೀರಾ ಹೊಸವು, ಕೆಲವು ಇನ್ನೂ ಹಳೆಯವು. ಪ್ರತಿ ನಮೂದಿನಲ್ಲೂ ಅದು ಯಾವಾಗಿನದು ಎಂದು ಕೊಟ್ಟಿರುತ್ತಾರೆ, ಉದ್ಧರಿಸುವ ಮುಂಚೆ ನೋಡಿಕೊಳ್ಳಿ.

ಸುಮ್ನೆ ಅರ್ಥ ನೋಡುವವರು ಇದಕ್ಕೆ ದುಡ್ಡು ಹಾಕಬೇಡಿ. ಪಾಠ ಮಾಡುವವರು, ಅನುವಾದ ಮಾಡುವವರು, ಹಳೆಯ ನಾಟಕ ಆಡಿಸುವವರು ಧೈರ್ಯವಾಗಿ ಹಾಕಿ. ನಮ್ಮ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ಕನ್ನಡ ನಿಘಂಟಿನಲ್ಲಿ ಪ್ರಯೋಗಗಳನ್ನು ಓದುತ್ತಾ ಊಟ ಮರೆತವರಿಗೆ ಇದರ ರುಚಿ ಮೊದಲ ದಿನವೇ ಹತ್ತುತ್ತದೆ. ಬ್ರಿಟನ್ನಿನಲ್ಲಿರುವ ಕನ್ನಡಿಗರು ಮೊದಲು ತಮ್ಮ ಊರಿನ ಸಾರ್ವಜನಿಕ ಲೈಬ್ರರಿಯಲ್ಲಿ ವಿಚಾರಿಸಿ. ಅಲ್ಲಿ ಬಹಳಷ್ಟು ಲೈಬ್ರರಿಗಳ ಸದಸ್ಯರಿಗೆ ಕಾರ್ಡ್ ನಂಬರಿನಿಂದಲೇ, ಮನೆಯಲ್ಲಿ ಕೂತು, ಪೂರ್ತಿ ನಿಘಂಟು ಉಚಿತ.